ಹೆಸರಿನ ಒಡೆಯ ಯಾರು?

ನಿವೇಶನವೊಂದನ್ನು ಕೊಳ್ಳಲಿರುವವನು ಮೊದಲು ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಿ, ಅದು ಯಾರ ಹೆಸರಿನಲ್ಲಿದೆ ಎಂದು ವಿಚಾರಿಸುತ್ತಾನೆ. ಅಂತರಜಾಲದಲ್ಲಿಯೂ ಇಂಥದೊಂದು ವ್ಯವಸ್ಥೆ ಉಂಟು. ಜಾಲತಾಣದ ಹೆಸರಿಗೆ ‘ಡೊಮೇನ್’ ಎನ್ನುತ್ತಾರೆ. ಅದರ ಒಡೆಯನನ್ನು ತಿಳಿಸುವ ಸೇವೆಗೆ ‘ಹೂಈಸ್’, ಎಂದರೆ ‘ಯಾರು?’ ಎಂದೇ ಹೆಸರು. ಆದರೆ ನಕಲಿ ಅಂಗಡಿಯ ತಾಣದಲ್ಲಿ ಹಣ ತೆತ್ತು ಮೋಸಹೋದ ಗೃಹಿಣಿಯಾಗಲಿ, ತನ್ನ ಅಂಗಡಿಯ ಹೆಸರನ್ನು ಪರರು ಹಿಡಿದಿಟ್ಟಿರುವುದನ್ನು ಕಂಡ ವರ್ತಕನಾಗಲಿ ಇಂದು ಅಲ್ಲಿ ವಿಚಾರಿಸಿದರೆ, ಬಹುಮಟ್ಟಿಗೆ ದೊರೆಯುವ ಉತ್ತರ ಒಂದೇ: ‘ಗೋಪ್ಯತೆಗಾಗಿ ಮರೆಮಾಡಲಾಗಿದೆ.’ ಗ್ರಾಹಕರ ಅಸಮಾಧಾನಕ್ಕೆ ಇದೇ ಮೂಲ.

ತೆರೆದ ಪುಸ್ತಕ

ಮೊದಲು ಹೀಗಿರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಆರ್ಪಾನೆಟ್ ಜಾಲದ ಬಳಕೆದಾರರು ಕೆಲವೇ ಮಂದಿ. ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅವರೆಲ್ಲರ ಹೆಸರು, ವಿಳಾಸಗಳ ಪಟ್ಟಿಯನ್ನು ನೋಡಿಕೊಳ್ಳುತ್ತಿತ್ತು. 1982ರಲ್ಲಿ ಈ ವಿಚಾರಣೆಯ ಕ್ರಮ ಲಿಖಿತರೂಪ ಪಡೆಯಿತು. ಪರಿಚಿತರೇ ನೆಲೆಸಿದ ಊರಿನಲ್ಲಿ ಬಾಗಿಲಿಗೆ ಬೀಗವೇಕೆ?

ಜಾಲವು ಲೋಕವ್ಯಾಪಿಯಾದ ಮೇಲೆ ಆ ತೆರೆದ ಪುಸ್ತಕವೇ ಕಂಟಕವಾಯಿತು. ಹೆಸರು ನೋಂದಾಯಿಸಿದವರ ದೂರವಾಣಿ ಮಾರಾಟಗಾರರ ಪಾಲಾಯಿತು; ಮನೆಯ ವಿಳಾಸ ವಂಚಕರ ಕೈಸೇರಿತು. 2018ರ ಮೇ 25ರಂದು ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣೆಯ ಕಾನೂನು ಜಾರಿಗೆ ಬಂದಾಗ, ಈ ಹೆಸರುಗಳ ಮೇಲ್ವಿಚಾರಣೆ ನಡೆಸುವ ಐಕ್ಯಾನ್ ಸಂಸ್ಥೆ ವೈಯಕ್ತಿಕ ವಿವರಗಳಿಗೆ ತೆರೆ ಎಳೆಯಲು ಅವಕಾಶ ಕಲ್ಪಿಸಿತು. 2025ರ ಜನವರಿ 28ರಿಂದ ಡಾಟ್ ಕಾಮ್ ಮೊದಲಾದ ಹೆಸರುಗಳಿಗೆ ಹೂಈಸ್‌ನ ಸ್ಥಾನದಲ್ಲಿ ‘ಆರ್‌ಡಿಎಪಿ’ ಎಂಬ ನೂತನ ಪದ್ಧತಿ ಬಂದಿದೆ. ತೆರೆಯೇನೋ ಹಾಗೆಯೇ ಉಳಿದಿದೆ.

ಕೇಳಿದ್ದೇ ತಪ್ಪಾದಾಗ

ಮತ್ತೊಂದು ದೂರು ಇದಕ್ಕಿಂತ ಕಟುವಾದುದು. ಹೆಸರೊಂದು ಖಾಲಿ ಇದೆಯೇ ಎಂದು ವಿಚಾರಿಸಿದವರಿಗೆ, ಮರುಗಳಿಗೆಯಲ್ಲೇ ಅದು ಬೇರೆಯವರ ವಶವಾಗಿರುವ ಅನುಭವ! 2008ರ ಜನವರಿಯಲ್ಲಿ ಅಮೆರಿಕದ ನೆಟ್‌ವರ್ಕ್ ಸಲ್ಯೂಷನ್ಸ್ ಸಂಸ್ಥೆ, ಗ್ರಾಹಕರು ಹುಡುಕಿದ ಹೆಸರುಗಳನ್ನು ನಾಲ್ಕು ದಿನ ತಾನೇ ಕಾದಿರಿಸುತ್ತಿದ್ದುದು ಬಯಲಾಯಿತು. ಗ್ರಾಹಕರ ರಕ್ಷಣೆಗಾಗಿಯೇ ಹೀಗೆ ಮಾಡಿದುದಾಗಿ ಸಂಸ್ಥೆ ಸಮರ್ಥಿಸಿಕೊಂಡಿತು. ಆದರೆ ಆ ಅವಧಿಯಲ್ಲಿ ಬೇರೆಡೆ ಅಗ್ಗವಾಗಿ ಕೊಳ್ಳುವ ದಾರಿ ಮುಚ್ಚಿತ್ತು. ಪ್ರಕರಣ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಇನ್ನು ಕೆಲವು ಸೇವೆಗಳು, ಐಕ್ಯಾನ್‌ನ ತಾಣದಲ್ಲಿ ಉಚಿತವಾಗಿ ಸಿಗುವ ವಿವರಗಳಿಗೇ ಹಣ ಕೇಳುವುದುಂಟು.

ಉಳಿದಿರುವ ದಾರಿ

ತೆರೆಯ ಹೊರಗೂ ಉಪಯುಕ್ತವಾದುದು ಉಳಿದಿದೆ. ನೋಂದಣಿಯ ದಿನಾಂಕ, ಅವಧಿ ಮುಗಿಯುವ ದಿನ, ನೋಂದಾಯಿಸಿದ ಸಂಸ್ಥೆಯ ಹೆಸರು, ದೂರು ಸಲ್ಲಿಸುವ ವಿಳಾಸ, ಇವು ಸಾಮಾನ್ಯವಾಗಿ ಕಾಣುತ್ತವೆ. ದಶಕಗಳ ಹಳೆಯ ಮಳಿಗೆ ಎಂದು ಸಾರುವ ತಾಣದ ಹೆಸರು ಹದಿನೈದು ದಿನಗಳ ಹಿಂದೆ ಹುಟ್ಟಿದ್ದರೆ, ಹಣ ಕಳುಹಿಸುವ ಮೊದಲೇ ಎಚ್ಚರಗೊಳ್ಳಬಹುದು. ಮೋಸಹೋದವರು ತಡಮಾಡದೆ 1930 ಸಹಾಯವಾಣಿಗೆ ತಿಳಿಸುವುದು ಲೇಸು. ವ್ಯಾಪಾರಮುದ್ರೆಯ ಹೆಸರನ್ನು ಕದ್ದವರ ಮೇಲೆ ಐಕ್ಯಾನ್‌ನ ನಿಯಮದಂತೆ ದೂರು ಹೂಡುವ ಅವಕಾಶ 1999ರಿಂದಲೂ ಇದೆ. ಮರೆಯಲ್ಲಿರುವ ವಿವರ ಬೇಕೆಂದು ಸಕಾರಣವಾಗಿ ನೋಂದಣಿ ಸಂಸ್ಥೆಗೇ ಬರೆಯಬಹುದು. ಕೊಡುವುದು ಬಿಡುವುದು ಅದರ ವಿವೇಚನೆಗೆ ಸೇರಿದ್ದು.

ಹೆಸರನ್ನು ಮರೆಮಾಡಿದುದು ಅಪರಾಧವಲ್ಲ; ಮರೆಮಾಡಿದ್ದೇಕೆ, ಮುಂದೆ ಯಾರನ್ನು ಕೇಳಬೇಕು ಎಂಬುದನ್ನು ತಿಳಿಸದಿರುವುದೇ ಈ ಸೇವೆಗಳ ಕೊರತೆ. ಒಳ್ಳೆಯ ಗುಮಾಸ್ತನು ‘ಇಲ್ಲಿ ಸಿಗದು’ ಎಂದ ಮೇಲೆ ‘ಅಲ್ಲಿ ಕೇಳಿ’ ಎಂದು ಕೈತೋರಿಸುತ್ತಾನೆ. ಗ್ರಾಹಕರು ಬಯಸುವುದೂ ಅಷ್ಟನ್ನೇ.