ಅರ್ಜಿಯೋ, ಮಾತೋ?

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಕಡೆಯ ಹಳ್ಳಿಯೊಂದರಲ್ಲಿ ಗ್ರಾಮಸಭೆ ಸೇರಿತ್ತು. ಹಿಂದಿನ ಸಾಲಿನಲ್ಲಿ ನಾನೂ ಇದ್ದೆ. ವೃದ್ಧೆಯೊಬ್ಬಳು ಎದ್ದು, “ನಮ್ಮ ಕೇರಿಗೆ ನೀರು ಯಾವಾಗ ಬಿಡ್ತೀರಪ್ಪಾ?” ಎಂದು ಕೇಳಿದಳು. “ಅರ್ಜಿ ಬರೆದು ಕೊಡಜ್ಜಿ” ಎಂದು ವೇದಿಕೆಯಿಂದ ಉತ್ತರ ಬಂದಿತು. ಅಕ್ಷರವರಿಯದ ಆಕೆ ಸುಮ್ಮನೆ ಕುಳಿತಳು.

ಪಂಚಾಯಿತಿ ಸದಸ್ಯರ ಸಾಮಾನ್ಯ ಸಭೆಯಲ್ಲಾದರೆ ನಾವು ಬರಿಯ ಪ್ರೇಕ್ಷಕರು, ನಿಜ. ಗ್ರಾಮಸಭೆಯ ಮಾತೇ ಬೇರೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯಂತೆ, ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರುಳ್ಳವರೆಲ್ಲರೂ ಸೇರಿದರೇ ಅದು ಗ್ರಾಮಸಭೆ. ಅಲ್ಲಿ ಅಜ್ಜಿ ಅರ್ಜಿದಾರಳಲ್ಲ, ಸದಸ್ಯೆ. ಮತ ಹಾಕುವಾಗ ಆಕೆಯ ಹೆಬ್ಬೆಟ್ಟು ಸಾಕಾಗಿತ್ತಲ್ಲ!

ಸಭೆ ಮುಗಿದ ಮೇಲೆ ಅರ್ಜಿ ಬರೆದುಕೊಡಲು ನಾನು ಕಾಗದ ತೆಗೆದೆ. ಆಕೆ ಕೈಯಡ್ಡ ಹಿಡಿದಳು: “ಬ್ಯಾಡ ಕಣಪ್ಪಾ. ನಾನು ಹೇಳಿದ್ದನ್ನ ಅವರೇ ಬರ್ಕೊಳ್ಳಲಿ.”