ವಂಶವಾಹಿ ಚಿಕಿತ್ಸೆಯಲ್ಲಿ ಸಾಗಾಣಿಕೆಯ ಸಮಸ್ಯೆ

2019ರ ಮೇ ತಿಂಗಳಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಝೋಲ್ಜೆನ್ಸ್ಮಾ ಎಂಬ ಔಷಧಕ್ಕೆ ಅನುಮೋದನೆ ನೀಡಿದಾಗ, ನೊವಾರ್ಟಿಸ್ ಸಂಸ್ಥೆಯು ಅದಕ್ಕೆ ನಿಗದಿಪಡಿಸಿದ ಬೆಲೆ 21.25 ಲಕ್ಷ ಡಾಲರ್. ಬೆನ್ನುಹುರಿಯ ನರಕೋಶಗಳು ಕ್ಷಯಿಸುವ ಆನುವಂಶಿಕ ಕಾಯಿಲೆಯಿಂದ ನರಳುವ, ಎರಡು ವರ್ಷದೊಳಗಿನ ಮಕ್ಕಳಿಗೆ ಒಂದೇ ಬಾರಿ ನೀಡುವ ಔಷಧವಿದು. ಇದಕ್ಕಾಗಿ ನಮ್ಮ ದೇಶದ ಕುಟುಂಬಗಳು ಸುಮಾರು 16 ಕೋಟಿ ರೂಪಾಯಿ ದೇಣಿಗೆ ಸಂಗ್ರಹಿಸಲು ಹೊರಟ ಸುದ್ದಿಯನ್ನು ಸದಸ್ಯರು ಓದಿರಬಹುದು. ಬೆಲೆಯಲ್ಲಿ ತಯಾರಿಕಾ ವೆಚ್ಚದ ಪಾಲೆಷ್ಟೆಂಬುದು ಬೇರೆಯೇ ಚರ್ಚೆ. ಈ ಔಷಧವನ್ನು ರೂಪಿಸಿದ ಅವೆಕ್ಸಿಸ್ ಕಂಪನಿಯನ್ನು ನೊವಾರ್ಟಿಸ್ 2018ರಲ್ಲಿ 870 ಕೋಟಿ ಡಾಲರ್ ಕೊಟ್ಟು ಖರೀದಿಸಿತ್ತು ಎಂಬುದನ್ನೂ ಮರೆಯಲಾಗದು. ಆದರೆ ಈ ಉದ್ಯಮದ ಮೂಲ ತೊಡಕು ಇರುವುದು ಸಾಗಾಣಿಕೆಯಲ್ಲಿ.

ದೋಷವುಳ್ಳ ವಂಶವಾಹಿಗೆ ಬದಲಾಗಿ ಸರಿಯಾದ ಪ್ರತಿಯನ್ನು ಜೀವಕೋಶದೊಳಕ್ಕೆ ತಲುಪಿಸುವುದೇ ಈ ಚಿಕಿತ್ಸೆ. ಜೀವಕೋಶದೊಳಗೆ ನುಸುಳುವ ಕಲೆ ವೈರಾಣುವಿಗೆ ಕರಗತ. ಆದ್ದರಿಂದ ವೈರಾಣುವಿನ ಸ್ವಂತ ವಂಶವಾಹಿಗಳನ್ನು ತೆಗೆದು, ಬರಿದಾದ ಕವಚದಲ್ಲಿ ನಮ್ಮ ಸರಕನ್ನು ತುಂಬಲಾಗುತ್ತದೆ. ಹೆಚ್ಚು ಬಳಕೆಯಲ್ಲಿರುವ ವಾಹಕ ಎಎವಿ ಎಂಬ ವೈರಾಣು. 1965ರಲ್ಲಿ ಬೇರೊಂದು ವೈರಾಣುವಿನ ಮಾದರಿಯಲ್ಲಿ ಕಲಬೆರಕೆಯಂತೆ ಕಾಣಿಸಿಕೊಂಡ ಇದು ಮನುಷ್ಯರಿಗೆ ರೋಗ ತರುವುದು ಕಂಡುಬಂದಿಲ್ಲ. ಇದರ ಕವಚವು 60 ಪ್ರೋಟೀನ್ ಘಟಕಗಳಿಂದ ಕೂಡಿದ್ದು, ಸುಮಾರು 4,700 ಅಕ್ಷರಗಳಷ್ಟು ಉದ್ದದ ಡಿಎನ್‌ಎಯನ್ನು ಮಾತ್ರ ಹೊರಬಲ್ಲದು. ಡುಶೇನ್ ಸ್ನಾಯುಕ್ಷಯಕ್ಕೆ ಬೇಕಾದ ಡಿಸ್ಟ್ರೋಫಿನ್ ಪ್ರೋಟೀನಿನ ಸಂಕೇತವೇ ಸುಮಾರು 11,000 ಅಕ್ಷರಗಳಷ್ಟಿದೆ. ಗಾಡಿ ಚಿಕ್ಕದಾದುದರಿಂದ ವಿಜ್ಞಾನಿಗಳು ಸರಕನ್ನೇ ಕತ್ತರಿಸಿ ಕಿರಿದಾಗಿಸಬೇಕಾಯಿತು.

ಎರಡನೆಯ ತೊಡಕು ವಿಳಾಸದ್ದು. ರಕ್ತನಾಳಕ್ಕೆ ಚುಚ್ಚಿದ ವಾಹಕಗಳಲ್ಲಿ ದೊಡ್ಡ ಪಾಲು ಯಕೃತ್ತಿಗೆ ಹೋಗಿ ಸೇರುತ್ತದೆ. ನರ ಅಥವಾ ಸ್ನಾಯುವನ್ನು ತಲುಪುವುದು ಉಳಿಕೆ ಮಾತ್ರ. ಆ ಉಳಿಕೆ ಸಾಕಾಗುವಂತೆ ಮಾಡಲು ಪ್ರಮಾಣವನ್ನು ವಿಪರೀತ ಹೆಚ್ಚಿಸಬೇಕಾಗುತ್ತದೆ. ಝೋಲ್ಜೆನ್ಸ್ಮಾದ ಪ್ರಮಾಣ, ಮಗುವಿನ ದೇಹತೂಕದ ಪ್ರತಿ ಕಿಲೋಗ್ರಾಂಗೆ 110 ಲಕ್ಷ ಕೋಟಿ ವಾಹಕಗಳು! ಕೇಂದ್ರ ಸರ್ಕಾರದ 2025-26ರ ಆಯವ್ಯಯದ ಒಟ್ಟು ವೆಚ್ಚವೇ ಸುಮಾರು 50 ಲಕ್ಷ ಕೋಟಿ ರೂಪಾಯಿ. ಸಾಲದೆಂಬಂತೆ, ತಯಾರಿಕೆಯಲ್ಲಿ ಅನೇಕ ಕವಚಗಳು ಸರಕಿಲ್ಲದೆ ಖಾಲಿಯಾಗಿಯೇ ಹೊರಬರುತ್ತವೆ. ಅವನ್ನು ಬೇರ್ಪಡಿಸಲು ಪ್ರತ್ಯೇಕ ವೆಚ್ಚ.

ಹೆಚ್ಚಿನ ಪ್ರಮಾಣದ ಬೆಲೆಯನ್ನು ಹಣದಲ್ಲಷ್ಟೇ ತೆತ್ತಿಲ್ಲ. ಸ್ನಾಯು ಕಾಯಿಲೆಯೊಂದಕ್ಕೆ ಅಮೆರಿಕದ ಅಡೆಂಟಿಸ್ ಕಂಪನಿಯು ನಡೆಸುತ್ತಿದ್ದ ಪರೀಕ್ಷೆಯಲ್ಲಿ 2020ರಲ್ಲಿ, ಅಧಿಕ ಪ್ರಮಾಣ ಪಡೆದ ಮೂವರು ಬಾಲಕರು ಅಸುನೀಗಿದರು. 2025ರಲ್ಲಿ ಎಲೆವಿಡಿಸ್ ಪಡೆದ ಇಬ್ಬರು ಹದಿಹರೆಯದವರು ಯಕೃತ್ತಿನ ವೈಫಲ್ಯದಿಂದ ಮರಣಿಸಿದರು. ಒಮ್ಮೆ ಎಎವಿ ಪಡೆದ ದೇಹವು ಅದರ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಳ್ಳುವುದರಿಂದ, ಕಡಿಮೆ ಕೊಟ್ಟು ನೋಡಿ ಮತ್ತೊಮ್ಮೆ ಕೊಡೋಣವೆನ್ನುವ ಅವಕಾಶವೂ ಸಾಮಾನ್ಯವಾಗಿ ಇಲ್ಲ.

ಈ ಕಾರಣದಿಂದಲೇ ಕವಚವನ್ನು ಮರುವಿನ್ಯಾಸಗೊಳಿಸುವ ಕಾರ್ಯ ಮಹತ್ವ ಪಡೆದಿದೆ. ಕವಚದ ಮೇಲ್ಮೈಯಲ್ಲಿ ಏಳು ಅಮೈನೋ ಆಮ್ಲಗಳ ತುಣುಕೊಂದನ್ನು ಸೇರಿಸಿ, ಲಕ್ಷಾಂತರ ಬಗೆಗಳನ್ನು ತಯಾರಿಸಿ, ಇಲಿಗೆ ಚುಚ್ಚಿ, ಮಿದುಳನ್ನು ತಲುಪಿದವನ್ನು ಮಾತ್ರ ಆರಿಸಿ ಪುನಃ ಪರೀಕ್ಷಿಸುವುದು ಒಂದು ವಿಧಾನ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯು 2016ರಲ್ಲಿ ಹೀಗೆ ರೂಪಿಸಿದ ಪಿಎಚ್‌ಪಿ.ಬಿ ಎಂಬ ಕವಚವು, ಝೋಲ್ಜೆನ್ಸ್ಮಾದಲ್ಲಿರುವ ಎಎವಿ9ಕ್ಕಿಂತ ಕನಿಷ್ಠ 40 ಪಟ್ಟು ಸಮರ್ಥವೆಂದು ಕಂಡಿತು. ಆದರೆ ಬೇರೊಂದು ತಳಿಯ ಇಲಿಯಲ್ಲಿಯೂ ಕೋತಿಗಳಲ್ಲಿಯೂ ಅದು ನಿಷ್ಫಲವಾಯಿತು. 2019ರಲ್ಲಿ ಕಾರಣ ತಿಳಿಯಿತು: ಅದು ಹಿಡಿದು ಒಳನುಗ್ಗುತ್ತಿದ್ದ ಎಲ್‌ವೈ6ಎ ಎಂಬ ಪ್ರೋಟೀನು ಮನುಷ್ಯನಲ್ಲಿ ಇಲ್ಲವೇ ಇಲ್ಲ. ಒಂದು ರಾಜ್ಯದ ರಹದಾರಿ ಇನ್ನೊಂದು ರಾಜ್ಯದ ತನಿಖಾ ಠಾಣೆಯಲ್ಲಿ ನಡೆಯದಂತೆ.

ಈ ಪಾಠದ ತರುವಾಯ ಕ್ರಮವನ್ನೇ ತಿರುಗಿಸಲಾಯಿತು. ಮೊದಲು ಮಾನವನ ಬಾಗಿಲನ್ನು ಗೊತ್ತುಪಡಿಸಿಕೊಂಡು, ಅದಕ್ಕೆ ಹೊಂದುವ ಕೀಲಿಯನ್ನು ಬಳಿಕ ಅರಸುವುದು. ರಕ್ತದಿಂದ ಮಿದುಳಿಗೆ ಕಬ್ಬಿಣಾಂಶ ಸಾಗಿಸುವ ಟ್ರಾನ್ಸ್‌ಫೆರಿನ್ ಗ್ರಾಹಕವೇ ಆ ಬಾಗಿಲು. ಅದನ್ನು ಹಿಡಿಯುವ ಕವಚವನ್ನು ಬ್ರಾಡ್ ಸಂಸ್ಥೆಯ ಬೆನ್ ಡೆವರ್ಮನ್ ತಂಡವು 2024ರಲ್ಲಿ ಪ್ರಕಟಿಸಿತು. ಮಾನವ ಗ್ರಾಹಕವನ್ನು ಅಳವಡಿಸಿದ ಇಲಿಗಳಲ್ಲಿ ಅದು ಎಎವಿ9ಕ್ಕಿಂತ 40ರಿಂದ 50 ಪಟ್ಟು ಹೆಚ್ಚಾಗಿ ಮಿದುಳು ಸೇರಿತು. ಇದು ಇಲಿಗಳ ಫಲಿತಾಂಶವೆಂಬ ಎಚ್ಚರ ಅಗತ್ಯ.

ನಮ್ಮ ದೇಶವು ಸದ್ಯಕ್ಕೆ ಮತ್ತೊಂದು ದಾರಿಯಲ್ಲಿ ಮುಂದಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಐವರು ಹಿಮೋಫಿಲಿಯಾ ರೋಗಿಗಳಿಗೆ ನೀಡಿದ ಚಿಕಿತ್ಸೆಯ ಫಲಿತಾಂಶವು 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿಯು 2025ರಲ್ಲಿ ರಕ್ತದ ಕ್ಯಾನ್ಸರಿಗೆ ಕ್ವಾರ್ಟೆಮಿಯನ್ನು ಮಾರುಕಟ್ಟೆಗೆ ತಂದಿತು. ಇವೆರಡರಲ್ಲಿಯೂ ರೋಗಿಯ ಜೀವಕೋಶಗಳನ್ನು ಹೊರತೆಗೆದು, ಲೆಂಟಿವೈರಾಣು ವಾಹಕದಿಂದ ಪ್ರಯೋಗಾಲಯದಲ್ಲಿಯೇ ಮಾರ್ಪಡಿಸಿ ಹಿಂದಿರುಗಿಸುತ್ತಾರೆ. ವಿಳಾಸ ತಪ್ಪುವ ಪ್ರಮೇಯವೇ ಕಡಿಮೆ.

ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಸ್ವಂತ ಬಳಕೆಗಾಗಿ ತರಿಸುವ ಔಷಧಗಳ ಮೇಲಿನ ಮೂಲ ಸೀಮಾ ಸುಂಕವನ್ನು ಕೇಂದ್ರವು 2023ರ ಏಪ್ರಿಲ್ 1ರಿಂದ ಮನ್ನಾ ಮಾಡಿದೆ. ಸ್ವಾಗತಾರ್ಹವೇ ಸರಿ, ಆದರೆ ಸುಂಕ ತೆಗೆದರೂ ಮೂಲ ಬೆಲೆ ಹಾಗೆಯೇ ಉಳಿಯುತ್ತದೆ. ಪ್ರಮಾಣವು ಹತ್ತನೆಯ ಒಂದು ಭಾಗಕ್ಕೆ ಇಳಿದರೆ, ಅದೇ ಸ್ಥಾವರದ ಅದೇ ಬ್ಯಾಚು ಹತ್ತು ಪಟ್ಟು ರೋಗಿಗಳಿಗೆ ಒದಗುತ್ತದೆ. ಈ ಕ್ಷೇತ್ರದಲ್ಲಿ ಬಂಡವಾಳ ಹೂಡಬಯಸುವ ಸದಸ್ಯರು ಗ್ಲೈಬೆರಾದ ಲೆಕ್ಕವನ್ನೂ ನೋಡುವುದೊಳಿತು. 2012ರಲ್ಲಿ ಯುರೋಪಿನ ಅನುಮತಿ ಪಡೆದು, ಸುಮಾರು 10 ಲಕ್ಷ ಯೂರೋ ಬೆಲೆ ಕಟ್ಟಿಕೊಂಡಿದ್ದ ಆ ಔಷಧಕ್ಕೆ ಗಿರಾಕಿಗಳು ತೀರಾ ವಿರಳವಾಗಿ, 2017ರಲ್ಲಿ ಕಂಪನಿಯು ಅನುಮತಿಯನ್ನು ನವೀಕರಿಸದೆ ಕೈಬಿಟ್ಟಿತು.