ಗರ್ಭಕೋಶ ತೆಗೆದ ಮೇಲೂ ‘ಕರೆಂಟ್’ ಯಾಕೆ?

ಗರ್ಭಕೋಶದ ಒಳಪದರದ ಕ್ಯಾನ್ಸರ್ ಬೇಗನೇ ಪತ್ತೆಯಾಗಿ ಆಪರೇಷನ್ ಮುಗಿದಿದೆ. ‘ಗರ್ಭಕೋಶವನ್ನೇ ತೆಗೆದ ಮೇಲೆ ಕರೆಂಟ್ ಯಾಕೆ ಡಾಕ್ಟ್ರೇ?’ ಅನ್ನೋದು ಮನೆಯವರ ಪ್ರಶ್ನೆ.

ಎಲ್ಲರಿಗೂ ಬೇಕಾಗಲ್ಲ. ಗಡ್ಡೆ ಗರ್ಭಕೋಶದ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು, ಗ್ರೇಡ್ ಎಷ್ಟು ಎಂದು ಬಯಾಪ್ಸಿ ವರದಿಯಲ್ಲಿ ನೋಡಿ, ವಯಸ್ಸನ್ನೂ ಗಮನಿಸಿ ವೈದ್ಯರು ನಿರ್ಧರಿಸುತ್ತಾರೆ. ಆ ಭಾಗದಲ್ಲಿ ಕಾಯಿಲೆ ಮರುಕಳಿಸಿದರೆ ಹೆಚ್ಚಾಗಿ ಯೋನಿಯ ಮೇಲ್ತುದಿಯಲ್ಲಿ. ಹಾಗಾಗಿ ಕೆಲವರಿಗೆ ಅಲ್ಲಿಗಷ್ಟೇ ಒಳಗಿನಿಂದ ವಿಕಿರಣ ಕೊಡುವ ಬ್ರಾಕಿಥೆರಪಿ ಸಾಕು. ನೆದರ್ಲೆಂಡ್ಸ್‌ನಲ್ಲಿ 427 ಮಹಿಳೆಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯೋನಿಯಲ್ಲಿ ಕಾಯಿಲೆ ಮರಳದಂತೆ ತಡೆಯಲು ಇದು ಹೊರಗಿನಿಂದ ಕೊಡುವ ಕರೆಂಟ್‌ನಷ್ಟೇ ಕೆಲಸ ಮಾಡಿತು. ಭೇದಿಯ ಕಾಟವೂ ಕಡಿಮೆ.

ಹೊರಗಿನದಾದರೆ ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ಓಡಾಟ. ಒಳಗಿನದು ಕೆಲವೇ ಸಲ. ಅಂಗಡಿ ಬಾಗಿಲು ಹಾಕಿ ದೂರದ ಆಸ್ಪತ್ರೆಗೆ ಹೋಗೋರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಬಯಾಪ್ಸಿ ವರದಿ ಜೋಪಾನವಾಗಿಟ್ಟು, ‘ನಮಗೆ ಯಾವುದು ಬೇಕು, ಯಾಕೆ?’ ಅಂತ ಕೇಳಿ.